ಕಬ್ಬಿಣ ತಾಗದ ದಾಸವಾಳ

ಸಿದ್ದಕ್ಕನನ್ನು ವಸ್ತಿಯವರೆಲ್ಲ ಪುಣ್ಯವಂತೆ ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೊಗಳಿ ಹೊಗಳಿಯೇ ಒಬ್ಬಳನ್ನು ಗೂಟಕ್ಕೆ ಕಟ್ಟಿಹಾಕಬಹುದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆಕೆಯ ಬದುಕಿನಲ್ಲಿ.

ನನ್ನ ತವರು ಮುಧೋಳ. ನೌಕರಿಗಾಗಿ ಸಾವಳಗಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ಅಲ್ಲಿಂದ ಆಚೆಗಿರುವ ಒಂದು ತೋಟದ ವಸ್ತಿಯ ಶಾಲೆಯಲ್ಲಿ ಪಾಠ ಹೇಳುತ್ತೇನೆ. ವಸ್ತಿ ಎಂದರೆ ಕಬ್ಬು, ಗೋವಿನಜೋಳದ ಹೊಲಗಳ ನಡುವೆ ಕೆಲವು ಮನೆ, ಕುರಿಗಳ ಹಟ್ಟಿ, ಒಂದು ಬೀರೇಶ್ವರನ ಗುಡಿ. ಶಾಲೆಯ ಗೋಡೆಗೂ ಗುಡಿಯ ಗೋಡೆಗೂ ನಡುವೆ ಒಂದು ಕೆಂಪು ದಾಸವಾಳದ ಗಿಡ. ಅದನ್ನು ನೆಟ್ಟವಳು ಸಿದ್ದಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ, ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೇಣುದ್ದದ ಕಡ್ಡಿಯಿಂದ ಬೆಳೆಸಿದ್ದು. ಅಂಗಳದಲ್ಲಾದರೆ ಕುರಿ ತಿನ್ನದೆ ಬಿಡುವುದಿಲ್ಲ, ಗುಡಿಯ ಪಕ್ಕಕ್ಕಾದರೆ ಮುಳ್ಳಿನ ಬೇಲಿ ಇದೆ ಎಂದು ಅಲ್ಲಿ ಊರಿದಳು. ಅಷ್ಟೇ ಆಕೆ ಮಾಡಿದ್ದು.

ಆ ಗುಡಿಯಲ್ಲಿ ದೇವರಿಗೆ ಹೂ ಹಚ್ಚಿ ಕೇಳುವ ಪದ್ಧತಿ. ಯಾವುದಾದರೂ ಕೆಲಸಕ್ಕೆ ದೇವರ ಒಪ್ಪಿಗೆ ಬೇಕಾದರೆ ಒದ್ದೆ ಭಂಡಾರದಿಂದ, ಅಂದರೆ ದೇವರ ಅರಿಸಿನದಿಂದ, ದೇವರ ಎರಡೂ ಭುಜಕ್ಕೆ ಒಂದೊಂದು ಹೂ ಅಂಟಿಸುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಸಿದ್ದಕ್ಕನ ಗಿಡ ಮೊದಲ ಸಲ ಹೂ ಬಿಟ್ಟ ವರ್ಷ, ಕುರಿ ಮೇಯಿಸಲು ಹೊಳೆಯಾಚೆ ಹೋಗಿದ್ದ ವಸ್ತಿಯ ಗಂಡಸರಿಂದ ಬಹಳ ದಿನ ಸುದ್ದಿ ಬರಲಿಲ್ಲ. ಆಕೆಯ ಗಿಡದ ಹೂ ಹಚ್ಚಿ, ಅವರು ಕ್ಷೇಮವೇ ಎಂದು ಕೇಳಿದರು. ಬಲಗಡೆಯದು ಬಿತ್ತು, ಸಂಜೆ ದೀಪ ಹಚ್ಚುವಷ್ಟರಲ್ಲಿ ಗಂಡಸರು ಕುರಿ ಸಮೇತ ಬಂದರು.

ಅಲ್ಲಿಂದ ಅದು ದೇವರ ಗಿಡವಾಯಿತು. ಹಿರಿಯರು ಕೂತು ಕಟ್ಟಳೆ ಮಾಡಿದರು. ಗಿಡಕ್ಕೆ ಕಬ್ಬಿಣ ತಾಗಬಾರದು. ನೆಟ್ಟ ಕೈಯೇ ದಿನಾ ಬೆಳಿಗ್ಗೆ ಮೈ ತೊಳೆದು ಒದ್ದೆ ಸೀರೆಯಲ್ಲಿ ನೀರೆರೆಯಬೇಕು. ಆ ಕೈ ಒಂದು ರಾತ್ರಿಯೂ ವಸ್ತಿ ಬಿಟ್ಟಿರಬಾರದು. ಹೊಸ ಸೊಸೆ ಸಿದ್ದಕ್ಕನಿಗೆ ಆಗ ಎಷ್ಟು ಹೆಮ್ಮೆಯಾಗಿತ್ತು ಎಂದು ಆಕೆಯೇ ಹೇಳಿದ್ದುಂಟು. ಬಂದು ವರ್ಷವಾಗಿರಲಿಲ್ಲ, ಅತ್ತೆ ಕೂಡ ಆಕೆಯನ್ನು ಬಹುವಚನದಲ್ಲಿ ಮಾತಾಡಿಸತೊಡಗಿದ್ದಳಂತೆ.

ಈಗ ಆಕೆಯ ತಲೆ ಅರ್ಧ ಬೆಳ್ಳಗಾಗಿದೆ. ಹೆತ್ತ ತಾಯಿ ಸತ್ತ ದಿನವೂ ಮಣ್ಣು ಕೊಟ್ಟು ಸಂಜೆಯ ಬಸ್ಸಿಗೆ ತಿರುಗಿ ಬಂದವಳು ಆಕೆ. ಮಗಳ ಮದುವೆಯಾಯಿತು, ಮಗಳ ಮನೆಯಲ್ಲಿ ಒಂದು ರಾತ್ರಿ ಮಲಗಲಿಲ್ಲ. ಗಂಡ ಭೀಮಶಿ ಹೂಂ ಅನ್ನದ, ಊಹೂಂ ಅನ್ನದ ಮನುಷ್ಯ. ಗುಡಿಯ ಪೂಜಾರಿ ಗಿರಮಲ್ಲಪ್ಪ ಆತನ ಅಣ್ಣ. ಮನೆಯಲ್ಲಿ ಮಾತೆಂದರೆ ಗಿರಮಲ್ಲಪ್ಪನದು.

ಹಾಗೆಂದು ಗಿಡದ ಮೇಲೆ ಆಕೆಗೆ ಸಿಟ್ಟಿತ್ತೇ ಎಂದರೆ, ಇತ್ತು, ಮತ್ತು ಆ ಸಿಟ್ಟು ಇದ್ದ ಕೈಯಿಂದಲೇ ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಳು. ನಮ್ಮ ಕಡೆಯ ಎರೆಮಣ್ಣು ನೀರು ಕುಡಿದರೆ ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಆಕೆ ಬುಡಕ್ಕೆ ಮೊರಂ ಎಂಬ ಗರಸುಮಣ್ಣು, ಕುರಿಗೊಬ್ಬರ ಬೆರೆಸಿ ಏರು ಮಾಡಿದ್ದಳು. ಬೇಸಿಗೆಯಲ್ಲಿ ಕಬ್ಬಿನ ಒಣಗರಿಯ ರವದಿ ಹೊದಿಸಿ ಬುಡ ತಂಪಾಗಿಡುತ್ತಿದ್ದಳು. ಟೊಂಗೆಗೆ ಹಿಟ್ಟು ಮೆತ್ತಿದಂಥ ಬಿಳಿ ಹುಳು ಹತ್ತಿದರೆ ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ ಎಲೆ ಎಲೆ ಒರೆಸುವಳು. ಒರೆಸುತ್ತ ಬೈಯುವಳು. ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದ ನನಗೆ ಕಿಟಕಿಯಿಂದ ಆ ಬೈಗುಳ ಕೇಳಿಸುತ್ತಿತ್ತು.

"ನಿನ್ನ ಸಾಕಿ ಸಾಕಿ ನಾ ಮುದುಕಿ ಆದ್ನಿ. ನಿನಗ ಮಾತ್ರ ದಿನಾ ಹೊಸಾ ಹೂ ಬೇಕು."

ಕಬ್ಬಿಣ ತಾಗಬಾರದೆಂಬ ಕಟ್ಟಳೆಯಿಂದ ಗಿಡವೂ ಸೊರಗಿತ್ತು. ದಾಸವಾಳವನ್ನು ಆಗಾಗ ಕತ್ತರಿಸಬೇಕು, ಇಲ್ಲದಿದ್ದರೆ ಉದ್ದುದ್ದ ಬೆಳೆದು ಬುಡ ಬೋಳಾಗುತ್ತದೆ. ಇದಂತೂ ಗುಡಿಯ ಮಾಳಿಗೆ ದಾಟಿ, ತುದಿಗಷ್ಟೇ ಹೂ ಬಿಡುತ್ತಿತ್ತು. ಕೆಳಗೆಲ್ಲ ಒಣ ಟೊಂಗೆ, ಹುಳು. ಮೊಗ್ಗು ಅರಳುವ ಮೊದಲೇ ಉದುರುತ್ತಿದ್ದವು. ಒಮ್ಮೆ ಕತ್ತರಿಸಿಬಿಡಬಾರದೇ ಎಂದು ನಾನು ಕೇಳಿದಾಗ ಆಕೆ ಸೀರೆಯ ಸೆರಗಿನಿಂದ ಕೈ ಒರೆಸಿಕೊಂಡು ನಕ್ಕಳು.

"ಅದಕ್ಕೂ ಬಿಡುಗಡಿ ಇಲ್ಲರಿ, ನನಗೂ ಇಲ್ಲ."

ಕಳೆದ ಬೇಸಿಗೆಯಲ್ಲಿ ಮುಧೋಳದಿಂದ ಸಿದ್ದಕ್ಕನ ಮಗಳು ಮಾಯಾಳ ಸುದ್ದಿ ಬಂತು. ಆಕೆ ಬಸುರಿ. ಮೊದಲು ಎರಡು ಬಸಿರು ನಿಂತಿರಲಿಲ್ಲ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ, ಬಸ್ಸು ಹತ್ತಲೇಬೇಡ ಎಂದಿದ್ದರು. ಹೆರಿಗೆಗೆ ತವರಿಗೆ ಬರುವ ಹಾಗಿಲ್ಲ. ಮನೆಯಲ್ಲಿ ಅತ್ತೆಯಿಲ್ಲ. ಗಂಡ ದಿನವಿಡೀ ಟ್ರ್ಯಾಕ್ಟರಿನ ಮೇಲೆ. ತಾಯಿ ಹೋಗಲೇಬೇಕಿತ್ತು. ಸಿದ್ದಕ್ಕ ಶಾಲೆಯ ಕಟ್ಟೆಗೆ ಬಂದು ಕೂತು, ನನ್ನ ಮುಖ ನೋಡದೆ ಹೇಳಿದಳು.

"ಈ ಸಲಾ ಕೂಸ ಹೋತಂದ್ರ ನನ್ನ ಮಗಳ ಉಳಿಯಾಂಗಿಲ್ಲರಿ ಟೀಚರ್. ನಾ ಹೋಗಾಕಿನ."

ಗಿರಮಲ್ಲಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. "ದೇವರನ್ನ ಕೇಳೂಣು, ತಂಗಿ. ನಂದೇನ ಐತಿ ಇದರಾಗ" ಎಂದು ಶಾಂತವಾಗಿ ಹೇಳಿದ. ಸೋಮವಾರ ಹೂ ಹಚ್ಚಿದರು. ಆಕೆಯೇ ಗಿಡದಿಂದ ಕಿತ್ತುಕೊಟ್ಟ ಹೂಗಳು. ಗುಡಿಯ ಬಾಗಿಲಲ್ಲಿ ನಾನೂ ನಿಂತಿದ್ದೆ. ಸಿದ್ದಕ್ಕ ಕಣ್ಣು ಮುಚ್ಚಿರಲಿಲ್ಲ, ಆ ಎರಡು ಹೂಗಳನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಲಗಡೆಯ ಹೂ ಜಾರಿ ದೇವರ ಪಾದದ ಬಳಿ ಬಿತ್ತು. ಆಕೆ ಅಲ್ಲೇ ಕುಸಿದು ಕೂತು ಅತ್ತಳು. ನನಗೂ ಕಣ್ಣು ತುಂಬಿ ಬಂತು.

ಆ ಸಂತೋಷ ಗುಡಿಯ ಮೆಟ್ಟಿಲು ಇಳಿಯುವವರೆಗೂ ಉಳಿಯಲಿಲ್ಲ.

"ದೇವರು ಹೂಂ ಅಂದಾನ. ಆದ್ರ ಗಿಡಾ ಬರಿಗೈಲೆ ಬಿಡಾಕ ಬರಾಂಗಿಲ್ಲ" ಎಂದ ಗಿರಮಲ್ಲಪ್ಪ. "ಮನಿತನದ ಇನ್ನೊಂದ ಕೈ ಹಿಡೀಬೇಕು. ಮಾಲಾ ಅದಾಳಲ್ಲ."

ಮಾಲಾ ಸಿದ್ದಕ್ಕನ ಸೊಸೆ. ಬಿಳಗಿ ಕಡೆಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಫೋನಿನಲ್ಲಿ ಹಾಡು ಹಚ್ಚಿಕೊಂಡು ರೊಟ್ಟಿ ಬಡಿಯುವ, ನಗುನಗುತ್ತಲೇ ಮಾತಾಡುವ ಹುಡುಗಿ. ಗಿರಮಲ್ಲಪ್ಪ ನೀರಿನ ಕೊಡ ತಂದು ಆಕೆಯ ಕೈಗಿಟ್ಟ. ಮಾಲಾಳ ಮುಖ ಅರಳಿತು. ಹೆಂಗಸರು ಸುತ್ತ ನಿಂತು ಪುಣ್ಯವಂತೆ ಎಂದರು. ನಾನು ಸಿದ್ದಕ್ಕನ ಕಡೆ ನೋಡಿದೆ. ಸೊಸೆಯ ಆ ಮುಖವನ್ನು ಆಕೆ ಹೆದರಿಕೊಂಡು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಬರುವಷ್ಟರಲ್ಲಿ ಗುಡಿಯ ಮುಂದೆ ಮಂದಿ ಕೂಡಿದ್ದರು. ದಾಸವಾಳ ಬುಡದಲ್ಲಿ ಮೊಳಕಾಲೆತ್ತರ ಬಿಟ್ಟು ಉಳಿದದ್ದೆಲ್ಲ ಕಡಿದುಬಿದ್ದಿತ್ತು. ಪಕ್ಕದಲ್ಲಿ ಕುಡುಗೋಲು, ಗುದ್ದಲಿ. ಸಿದ್ದಕ್ಕ ಬಿದ್ದ ಟೊಂಗೆಗಳ ನಡುವೆ ಕೂತಿದ್ದಳು. ಮಾಲಾ ತುಂಬಿದ ಕೊಡ ಹಿಡಿದು ಮಂಕಾಗಿ ನಿಂತಿದ್ದಳು.

"ಕಬ್ಬಿಣಾ ತಾಗೇತಿ" ಎಂದಳು ಸಿದ್ದಕ್ಕ. "ಇನ್ನ ಇದ ದೇವರ ಗಿಡಾ ಅಲ್ಲ. ಯಾರೂ ಇದಕ ನೀರ ಹಾಕೂದ ಬ್ಯಾಡ."

ಗಿರಮಲ್ಲಪ್ಪ ಆಕೆಗೆ, ಇನ್ನು ಮೇಲೆ ಗುಡಿಯ ಮೆಟ್ಟಿಲು ಹತ್ತಬೇಡ ಎಂದಷ್ಟೇ ಅಂದ. ಭೀಮಶಿ ಜೀವಮಾನದಲ್ಲಿ ಮೊದಲ ಸಲ ತಾನಾಗಿ ಒಂದು ಕೆಲಸ ಮಾಡಿದ. ಹೆಂಡತಿಯ ಚೀಲ ಹೊತ್ತು ಬಸ್ಸಿನವರೆಗೆ ನಡೆದ.

ಮಂದಿ ಚದುರಿದ ಮೇಲೆ ನಾನು ಗಿಡದ ಹತ್ತಿರ ಹೋದೆ. ಸಿಟ್ಟಿನಲ್ಲಿ ಕಡಿದ ಗಿಡ ಹಾಗಿರುವುದಿಲ್ಲ. ಪ್ರತಿ ಟೊಂಗೆಯನ್ನೂ ಕಣ್ಣಿನ ಮೇಲೆ, ಅಂದರೆ ಚಿಗುರು ಒಡೆಯುವ ಗಂಟಿನ ಮೇಲೆ, ಓರೆಯಾಗಿ ನೀಟಾಗಿ ಕೊಯ್ದಿದ್ದಳು. ಕೊಯ್ದ ಜಾಗಕ್ಕೆಲ್ಲ ಹಸಿ ಸಗಣಿ ಮೆತ್ತಿದ್ದಳು. ಮತ್ತೆ ಚಿಗುರಲಿ ಎಂದು ಕೊಯ್ದ ಹಾಗಿತ್ತು. ಯಾರಿಗೂ ಹೇಳಲಿಲ್ಲ.

ಮಳೆ ಹಿಡಿಯಿತು. ಒಂದೆರಡು ಮಳೆಗೇ ಬುಡದಿಂದ ಚಿಗುರು ಒಡೆದವು. ಕೆಂಪು, ಎಣ್ಣೆ ಹಚ್ಚಿದಂಥ ಚಿಗುರು. ಎಷ್ಟೋ ವರ್ಷದಿಂದ ಆ ಗಿಡ ಹಾಗೆ ತುಂಬಿಕೊಂಡಿರಲಿಲ್ಲ. ಗಿರಮಲ್ಲಪ್ಪ ಗಿಡದ ಮುಂದೆ ಅಡ್ಡಬಿದ್ದ. "ಕಬ್ಬಿಣಾ ತಾಗಿದ್ರೂ ಸಾಯಲಿಲ್ಲ. ಎಂಥಾ ಸತ್ಯುಳ್ಳ ಗಿಡಾ ನೋಡ್ರಿ" ಎಂದು ಕಂಡಕಂಡವರಿಗೆಲ್ಲ ಹೇಳಿದ. ಸಾವಳಗಿಯಿಂದಲೂ ಜನ ನೋಡಲು ಬಂದರು. ಕೊಡ ಮತ್ತೆ ಮಾಲಾಳ ಕೈಗೆ ಬಂತು. ಕಟ್ಟಳೆ ಮೊದಲಿಗಿಂತ ಬಿಗಿಯಾಯಿತು.

ಮುಧೋಳದಲ್ಲಿ ಮಾಯಾ ಹೆತ್ತಳು. ಹೆಣ್ಣು ಕೂಸು, ದಿನ ತುಂಬುವ ಮೊದಲೇ ಬಂದದ್ದು, ಅಂಗೈಯಷ್ಟು. ಆದರೆ ಉಳಿಯಿತು. ಒಂದು ಭಾನುವಾರ ನಾನು ನೋಡಲು ಹೋದಾಗ ಸಿದ್ದಕ್ಕ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅಷ್ಟು ಹಗುರವಾಗಿ ಆಕೆ ಕೂತದ್ದನ್ನು ನಾನೆಂದೂ ಕಂಡಿರಲಿಲ್ಲ. ಮುಖವೇ ಬೇರೆಯಾಗಿತ್ತು. ಗಿಡದ ಸುದ್ದಿ ಎತ್ತಲು ನನಗೆ ಬಾಯಿ ಬರಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಫೋನು ರಿಂಗಾಯಿತು, ಮಾಯಾ ಅದನ್ನು ತಾಯಿಯ ಕಿವಿಗೆ ಹಿಡಿದಳು. ಮಾಲಾ ಅಳುತ್ತಿದ್ದದ್ದು ನನಗೂ ಕೇಳಿಸಿತು.

"ಅತ್ತಿ, ಪಂಚಮಿಗಿ ನಮ್ಮಣ್ಣ ಕರಿಯಾಕ ಬಂದಾನ್ರಿ. ಗಿಡಾ ಚಿಗತೈತಿ, ಕೊಡಾ ನನ್ನ ಕೈಯಾಗ ಐತಿ ಅಂತ ದೊಡ್ಡಮಾವ ಕಳಸಾಂಗಿಲ್ಲ ಅಂತಾರ. ಹಗಲ ಹೋಗಿ ಹಗಲ ಬಾ ಅಂತಾರ. ಜೋಕಾಲಿ ಕಟ್ಯಾರಂತ್ರಿ, ನಮ್ಮವ್ವ ಉಂಡಿ ಮಾಡಿಟ್ಟಾಳಂತ."

ಮದುವೆಯಾದ ಹುಡುಗಿಗೆ ತವರಿನಲ್ಲಿ ಕಳೆಯುವ ಮೊದಲ ನಾಗರಪಂಚಮಿ ಎಂದರೆ ಏನೆಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಸಿದ್ದಕ್ಕ ಫೋನಿನಿಂದ ಕಿವಿ ತೆಗೆದಳು. ಮಗುವಿನ ಮೇಲೆ ಬಿಸಿನೀರು ಸುರಿದಳು, ಒರೆಸಿದಳು, ಹೊಗೆ ಹಾಕಿ ಸುತ್ತಿದಳು. ನನಗೆ ತಡೆಯಲಾಗಲಿಲ್ಲ.

"ಗಿಡಾ ಮತ್ತ ಚಿಗಿತೈತಿ ಅಂತ ನಿಮಗ ಗೊತ್ತಿತ್ತಲ್ರಿ?" ಎಂದು ಕೇಳಿಯೇಬಿಟ್ಟೆ.

"ಕಣ್ಣ ನೋಡಿ ಕೊಯ್ದಾಕಿ ನಾ. ಚಿಗೀಲಾರದ ಏನ ಮಾಡ್ತೈತ್ರಿ."

"ಬೇರ ಕಿತ್ತಿದ್ರ ಮುಗೀತಿತ್ತು."

"ಗುದ್ದಲಿ ಅದಕ್ಕ ಒಯ್ದಿದ್ನಿರಿ ಟೀಚರ್" ಎಂದಳು. "ಕೈ ಏಳಲಿಲ್ಲ. ನಾನ ಬೆಳಿಸಿದ್ದಲ್ಲೇನರಿ."

ಮಗುವನ್ನು ಮಾಯಾಳ ಮಡಿಲಿಗಿಟ್ಟಳು. ಮಾಯಾಳಿಗೆ ತಿಳಿದುಹೋಗಿತ್ತು. ಆದರೂ, "ಹಬ್ಬಾ ಮುಗಿಸಿ ಬರ್ತೀಯಿಲ್ಲ, ಯವ್ವಾ?" ಎಂದಳು. ಸಿದ್ದಕ್ಕ ಚೀಲಕ್ಕೆ ಸೀರೆ ತುಂಬುತ್ತ ಹೂಂ ಎಂದಳು. ಆ ಹೂಂ ಅನ್ನು ನಮ್ಮ ಮೂವರಲ್ಲಿ ಯಾರೂ ನಂಬಲಿಲ್ಲ.

ಜಮಖಂಡಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ವಸ್ತಿಗೆ ಬಂದೆವು. ಸಿದ್ದಕ್ಕ ನೇರ ಹೋಗಿ ಮಾಲಾಳ ಕೈಯಿಂದ ಕೊಡ ಇಸಿದುಕೊಂಡಳು. ಗಿರಮಲ್ಲಪ್ಪ ಮೆಟ್ಟಿಲು ಹತ್ತಬೇಡವೆಂದಿದ್ದನ್ನು ಮರೆತವನಂತೆ ಬದಿಗೆ ಸರಿದು ದಾರಿ ಬಿಟ್ಟ. ಅಣ್ಣನ ಗಾಡಿ ಹತ್ತಿದ ಮಾಲಾ ಐದೇ ದಿನಕ್ಕೆ ಬರುತ್ತೇನೆ ಎಂದು ನಗುತ್ತ ಹೇಳಿದಳು.

"ಅವಸರಾ ಮಾಡಬ್ಯಾಡ" ಎಂದಳು ಸಿದ್ದಕ್ಕ. "ಬಂದ ಮ್ಯಾಲೂ ಈ ಕೊಡಾ ನೀ ಮುಟ್ಟೂದ ಬ್ಯಾಡ. ನಾ ಇರೂತನಕಾ ಇದ ನಂದ."

ಈಗಲೂ ಬೆಳಿಗ್ಗೆ ಶಾಲೆಯ ಕಿಟಕಿ ತೆರೆದರೆ ಆಕೆಯ ದನಿ ಕೇಳುತ್ತದೆ. ಗಿಡವನ್ನು ಬೈಯುವುದನ್ನು ಬಿಟ್ಟಿದ್ದಾಳೆ. ಒದ್ದೆ ಸೀರೆಯಲ್ಲಿ ನಿಂತು ಒಂದು ಕೈಯಿಂದ ಬುಡಕ್ಕೆ ನೀರೆರೆಯುತ್ತಾಳೆ, ಇನ್ನೊಂದು ಕೈಯಲ್ಲಿ ಫೋನು. ಅತ್ತ ಕಡೆ ಮಾಯಾಳ ಕೈಯಲ್ಲಿ ಕೂಸು ಕಿರುಚುತ್ತಿರುತ್ತದೆ.

"ಹೆದರಬ್ಯಾಡ. ಕಾಲ ಮ್ಯಾಲ ಬೋರಲ ಹಾಕ್ಕೋ. ಹಾಂ. ಈಗ ಬೆನ್ನಿಗಿ ಎಣ್ಣಿ ಹಚ್ಚು, ಸಾವಕಾಶ, ಸಾವಕಾಶ."