ಎಡಕ್ಕೆ ಬಿದ್ದದ್ದನ್ನು ಬಲ ಎಂದೆ

ದೇವರು ಬೇಡ ಎಂದದ್ದನ್ನು, ಹೂಂ ಎಂದಿದೆ ಎಂದು ಮನೆಗೆ ಬಂದು ಹೇಳಿದವಳು ನಾನು. ಎರಡು ದಿನ ಗೋವೆಗೆ ಹೋಗಿಬರುವ ಆಸೆಗೆ ಹೇಳಿದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ — ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾರೂ ನನ್ನಿಂದ ಕಣ್ಣೀರು ಎದುರುನೋಡುವುದು ಬೇಡ. ಆದರೆ ಆ ಸುಳ್ಳಿನ ಬೆನ್ನಿಗೇ ಬಾಯಿ ಮುಚ್ಚಿ ನಿಂತೆನಲ್ಲ... ಅದು ಬೇರೆ. ಈ ಬರಹ ಅದಕ್ಕೆ.

ನಾನು ಅಂಕೋಲೆ ಕಡೆಯ ಶೆಟಗೇರಿಯವಳು. ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದೆ. ನನ್ನ ಗಂಡನಿಗೆ ಕಚೇರಿ ಕೆಲಸ, ಮೈದುನ ಮೋಹನನಿಗೆ ದೋಣಿ. ಮೋಹನನ ಹೆಂಡತಿ ಶಾಲಿನಿ ನನ್ನ ಓರಗಿತ್ತಿ. ನನಗಿಂತ ಆರೇಳು ವರ್ಷ ಚಿಕ್ಕವಳು. ದೋಣಿ ದಂಡೆಗೆ ತಾಗಿದ್ದೇ ತಡ, ಬುಟ್ಟಿ ತುಂಬಿಸಿಕೊಂಡು ಪೇಟೆಗೆ ಓಡುವವಳು ಅವಳು. ಮನೆಯ ಯಜಮಾನಿಕೆ ಅತ್ತೆಯದು. ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ.

ಆ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿನಲ್ಲಿ, ಹಿತ್ತಿಲಲ್ಲಿ ಬಂಗಡೆ ಕೊಯ್ಯುತ್ತ ಕೂತಿದ್ದಾಗ ಶಾಲಿನಿ ಕೇಳಿದಳು:

"ಅಕ್ಕಾ, ಒಂದ್ ಶನಿವಾರ, ಆಯ್ತವಾರ ಗೋವೆಗೆ ಹೋಗಿ ಬರುವನಾ?"

"ಎಂತ ನೋಡುಕೆ?"

"ಸಮುದ್ರ."

ನನಗೆ ನಗು ತಡೆಯಲಾಗಲಿಲ್ಲ. "ಸಮುದ್ರ ನೋಡುಕೆ ಗೋವೆಗೆ ಹೋಗ್ಬೇಕೆ ಮಾರಾಯ್ತಿ? ಇಲ್ಲಿ ಬಾಗ್ಲು ತೆಗೆದ್ರೆ ಮೂಗಿಗೇ ಬಡೀತದೆ."

"ಇಲ್ಲಿ ನಾ ಬರಿಗೈಲಿ ದಂಡೆ ಮೇಲೆ ಕಾಲು ಚಾಚ್ಕಂಡು ಕೂತ್ರೆ, ಇವ್ಳಿಗೆ ಎಂತ ಆತು ಅಂತ ಕೇರಿಯೇ ಕೇಳ್ತದೆ. ಬುಟ್ಟಿ ಇಲ್ದೆ ನಾ ಒಂದ್ ದಿನ ಸಮುದ್ರದ ಹತ್ರ ಹೋದದ್ದಿಲ್ಲ ಅಕ್ಕಾ."

ಚೂರಿ ಹಿಡಿದ ನನ್ನ ಕೈ ನಿಂತಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ — ಹುಟ್ಟಿದ್ದು ಸಮುದ್ರದ ಬದಿಗೆ, ಬದುಕುವುದು ಅದರಿಂದ, ಆದರೂ ಸುಮ್ಮನೆ ಅದರ ಮುಂದೆ ಕೂರಲು ಊರು ಬಿಟ್ಟು ಹೋಗಬೇಕು ಇವಳು.

ಅಂದಿನಿಂದ ನಮ್ಮ ಸಂಚು ಶುರುವಾಯಿತು. ಮೀನು ಕೊಯ್ಯುವಾಗ ಒಂದಿಷ್ಟು, ಬಟ್ಟೆ ಒಗೆಯುವಾಗ ಒಂದಿಷ್ಟು. ಮಡಗಾಂವಕ್ಕೆ ಬಸ್ಸೋ ರೈಲೋ. ಕೋಲ್ವಾ ದಂಡೆಗೆ ಜನ ಇರುವೆಯ ಹಾಗೆ ಮುತ್ತುತ್ತಾರಂತೆ — ಮುತ್ತಲಿ, ಆ ಗದ್ದಲದಲ್ಲಿ ನಮ್ಮನ್ನು ಯಾರು ಗುರುತು ಹಿಡಿಯುತ್ತಾರೆ. ದಾರಿಗೆ ಅವಲಕ್ಕಿ ಕಟ್ಟಿಕೊಳ್ಳುವುದು. ಶಾಲಿನಿ ಹೊಸ ಚಪ್ಪಲಿ ತಂದು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಳು. ಉಳಿಯುವುದೆಲ್ಲಿ, ಮನೆಯಲ್ಲಿ ಏನೆಂದು ಹೇಳುವುದು — ಇವೆರಡಕ್ಕೂ ಒಂದೇ ಉತ್ತರ ಸಿಕ್ಕಿತು. ಈ ಕಡೆಯ ಎಷ್ಟೋ ಮನೆತನಗಳ ಹಾಗೆ ನಮ್ಮ ಕುಲದೇವರೂ ಇರುವುದು ಗೋವೆಯಲ್ಲೇ. ಶನಿವಾರ ದೇವರ ದರ್ಶನ, ರಾತ್ರಿ ದೇವಸ್ಥಾನದ ಕೋಣೆಯಲ್ಲಿ ವಸತಿ, ಭಾನುವಾರ ಸಮುದ್ರ. ದೇವರ ಪಾಲು ದೇವರಿಗೆ, ನಮ್ಮ ಪಾಲು ನಮಗೆ.

ಆಯಿ ಪೂರ್ತಿ ಕೇಳಿದರು. "ಗಂಡಸ್ರಿಲ್ದೆ ಇಬ್ರೇ?" ಎಂದರು. ಆಮೇಲೆ, "ನಾಳೆ ಊರ ದೇವಿ ಹತ್ರ ಪ್ರಸಾದ ಕೇಳ್ಕಂಡು ಬಾ. ಬಲ ಆದ್ರೆ ಹೋಗಿ."

ದೋಣಿ ಇರುವ ನಮ್ಮ ಮನೆಗಳಲ್ಲಿ ಕೇಳದೆ ಏನೂ ನಡೆಯುವುದಿಲ್ಲ. ಪೂಜೆ ಮಾಡುವ ಗುನಗ ದೇವಿಯ ಮೈಗೆ ಎರಡೂ ಬದಿ ಒದ್ದೆ ಹೂವಿನ ಎಸಳು ಹಚ್ಚುತ್ತಾನೆ. ಬಲದ್ದು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಆಯಿಗೆ ಮೊಣಕಾಲು ನೋವು, ನಾನೊಬ್ಬಳೇ ಹೋದೆ.

ಎಡದ್ದು ಬಿತ್ತು. ನಾನು ಕೈ ಮುಗಿಯುವುದರೊಳಗೇ ಬಿತ್ತು.

"ಈಗ ಬ್ಯಾಡ ಅಂತದೆ ತಂಗಿ," ಎಂದ ಗುನಗ. "ದೀಪಾವಳಿ ಕಳೀಲಿ, ಮತ್ತೆ ಕೇಳುವ."

ದೀಪಾವಳಿ ಕಳೆದರೆ ಮೀನಿನ ಸುಗ್ಗಿ. ಆಮೇಲೆ ಇನ್ನೊಂದು, ಅದರಾಚೆ ಮತ್ತೊಂದು... ಬರುವ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಆ ಹೊಸ ಚಪ್ಪಲಿ. ಅಂಗಳದಲ್ಲಿ ಶಾಲಿನಿ ಬಲೆಯ ಸಿಕ್ಕು ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ, ಕೈ ಮಾತ್ರ ನಿಂತಿತು. ಆಯಿ ಬಾಗಿಲಿಗೆ ಬಂದರು.

"ಬಲ ಆತು," ಎಂದೆ.

ಪ್ರಸಾದವನ್ನು ಹಳಿಯುವವಳಲ್ಲ ನಾನು. ಇವತ್ತೂ ಕೈ ಮುಗಿಯುತ್ತೇನೆ. ಆದರೆ ಒಬ್ಬ ಹೆಂಗಸು ಒಂದು ದಿನ ಮರಳ ಮೇಲೆ ಕೂರುವುದಕ್ಕೆ ಮನೆಯವರ ಅಪ್ಪಣೆ, ದೇವರ ಅಪ್ಪಣೆ, ಮೀನಿನ ಅಪ್ಪಣೆ — ಇಷ್ಟೆಲ್ಲ ಬೇಕು ಎಂದಾಗ, ಒಂದು ಅಪ್ಪಣೆಯನ್ನು ನಾನೇ ಕೊಟ್ಟೆ. ನಾಳೆ ಅಂಥದ್ದೇ ಹೊತ್ತು ಬಂದರೆ ಮತ್ತೆ ಕೊಡುತ್ತೇನೆ.

ಹೋದೆವು. ದೇವರನ್ನು ಕಂಡೆವು. ಭಾನುವಾರ ಕೋಲ್ವಾದಲ್ಲಿ ಶಾಲಿನಿ ನೀರು ಪಾದಕ್ಕೆ ತಾಗುವಲ್ಲಿ ಕೂತಳು. ಸೀರೆ ನೆನೆದರೂ ಏಳಲಿಲ್ಲ. ಆಚೆ ಬದಿ ಮೀನುಗಾರರು ಬಲೆ ಎಳೆಯುತ್ತಿದ್ದರು, ಪ್ರವಾಸಿಗರು ಮುತ್ತಿಕೊಂಡು ಫೋಟೋ ತೆಗೆಯುತ್ತಿದ್ದರು. ಇವಳು ಅರಿವಿಲ್ಲದೆ ಎದ್ದು ಬಲೆಯ ಹಗ್ಗದ ಕಡೆ ನಾಲ್ಕು ಹೆಜ್ಜೆ ಹಾಕಿಯೇಬಿಟ್ಟಳು. ತಟ್ಟನೆ ನಿಂತು, ಹಿಂದಿರುಗಿ ಬಂದು, ನಗುತ್ತ ಎರಡೂ ಕೈ ನನ್ನ ಮುಂದೆ ಹಿಡಿದಳು. "ಇವನ್ನ ಕಟ್ಟಿ ಹಾಕು ಅಕ್ಕಾ. ಹೇಳಿದ್ ಕೇಳೂದಿಲ್ಲ."

ಆ ನಗುವನ್ನು ನಾನು ಯಾವ ದೇವರಿಗೂ ವಾಪಸು ಕೊಡುವುದಿಲ್ಲ.

ಮಧ್ಯಾಹ್ನ, ಅಲ್ಲಿಯೇ ದಂಡೆಯ ಮೇಲೆ, ಅವಳು ಮುಟ್ಟಾದಳು. ದರ್ಶನ ಹಿಂದಿನ ದಿನವೇ ಮುಗಿದಿತ್ತು, ಇಬ್ಬರೂ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ನಮ್ಮ ಮನೆಗೆ ಆಗ ಫೋನಿನ ಸಂಪರ್ಕವಿರಲಿಲ್ಲ. ಸಂಜೆ ಬಂದು ನೋಡಿದರೆ ಅಂಗಳದ ತುಂಬ ಜನ. ಬೆಳಿಗ್ಗೆ ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮೋಹನನ ದೋಣಿ ಮಗುಚಿತ್ತು. ಅವನು ಈಜಿ ದಡ ಸೇರಿದ್ದ. ದೋಣಿ ಎರಡು ಹೋಳು, ಬಲೆ ನೀರಿನ ಪಾಲು. ಮಳೆ ಮುಗಿಯುತ್ತಲೇ ಅಲ್ಲಿ ಮರಳು ಏಳುವುದು, ಅದಕ್ಕೆ ಬಡಿದು ದೋಣಿ ಮಗುಚುವುದು ಹೊಸದಲ್ಲ. ಆ ವಾರವೇ ಇನ್ನೊಬ್ಬರದ್ದೂ ಮಗುಚಿತ್ತು. ಅವರ ಮನೆಯವರಾರೂ ಗೋವೆಗೆ ಹೋಗಿರಲಿಲ್ಲ. ಇದನ್ನು ನಾನು ಇವತ್ತೂ ಗಟ್ಟಿಯಾಗಿ ಹೇಳುತ್ತೇನೆ. ಅವತ್ತು ಹೇಳಿದೆನೇ — ಇಲ್ಲ.

ಶಾಲಿನಿ ಒಳಗೆ ಹೋಗದೆ ಜಗಲಿಯ ಮೂಲೆಯಲ್ಲಿ ನಿಂತಳು. ಮುಟ್ಟಾದವರು ಹಾಗೇ ನಿಲ್ಲುವುದು. ಆಯಿ ಅದನ್ನು ಕಂಡರು.

"ಯಾವಾಗ ಹೊರಗಾದೆ?"

"ಇವತ್ತು, ಆಯೀ."

"ಇವತ್ತಾ, ನಿನ್ನೆಯಾ?"

ಇಡೀ ಕೇರಿ ಕೇಳುತ್ತಿತ್ತು. "ದೇವಿ ಬಲ ಕೊಟ್ಟಿತ್ತು," ಎಂದರು ಆಯಿ. "ತಪ್ಪು ದೇವಿದಲ್ಲ. ಮೈಲಿಗೇಲಿ ಗುಡಿ ಹೊಕ್ಕವಳು ಗಂಡನ ದೋಣಿ ನುಂಗಿದ್ಲು."

ಶಾಲಿನಿ ನನ್ನ ಕಡೆ ನೋಡಿದಳು. ಅವಳ ಮಾತು ನಿಜ ಎಂದು ಬಲ್ಲ ಒಂದೇ ಜೀವ ನಾನು. ಬಾಯಿ ಬಿಡಬಹುದಿತ್ತು. ಆದರೆ ತಪ್ಪು ಅವಳದ್ದಲ್ಲ ಎಂದರೆ ಮತ್ತೆ ಯಾರದ್ದು — ಆ ಪ್ರಶ್ನೆ ತಿರುಗಿ, ಮೆಲ್ಲಗೆ ನಡೆದು, ಗುನಗನ ಮನೆಗೆ ಹೋಗಿ, ಅಲ್ಲಿಂದ ನನ್ನ ಬಳಿ ಬರುತ್ತಿತ್ತು. ನಾನು ಚೀಲ ಎತ್ತಿಕೊಂಡು ಒಳಗೆ ಹೋದೆ. ಚಹಕ್ಕೆ ನೀರಿಟ್ಟೆ.

ಗುನಗನನ್ನು ಯಾರೂ ಕೇಳಲಿಲ್ಲ, ಮುಂದಿನದು ಸದ್ದಿಲ್ಲದೆ ನಡೆಯಿತು. ಮೋಹನ ಮತ್ತೊಂದು ದೋಣಿ ಮಾಡಿಕೊಂಡ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವಾಗ ಆರತಿ ಹಿಡಿಯುವುದು ದೋಣಿಯವನ ಹೆಂಡತಿಯ ಹಕ್ಕು. ಆಯಿ ಆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನಾನು — ಕಚೇರಿಗೆ ಹೋಗುವವನ ಹೆಂಡತಿ, ದೋಣಿಗೆ ಸಂಬಂಧವೇ ಇಲ್ಲದವಳು — ಹಿಡಿದೆ. ಪ್ರತಿವರ್ಷ ಹಿಡಿದೆ. ಶಾಲಿನಿ ಹಿಂದೆ, ಹೆಂಗಸರ ಗುಂಪಿನ ಕೊನೆಗೆ. ಗಂಡನ ದೋಣಿಯ ಮೀನಿಗೆ ಮೊದಲ ಕೈ ಹಾಕುವ ಹಾಗಿಲ್ಲ ಅವಳು. ಕಡೆಗೆ ಗಂಡಹೆಂಡತಿ ಇಬ್ಬರೂ ನದಿಯಾಚೆ ಚಿತ್ತಾಕುಲದಲ್ಲಿ ಬೇರೆ ಮನೆ ಮಾಡಿದರು. ಸೇತುವೆ ದಾಟಿದರೆ ಮಾತು ಹಿಂದೆ ಉಳಿಯುತ್ತದೆಯೇ, ಅದೂ ಜೊತೆಗೇ ದಾಟಿತು.

ಹೊರಡುವ ದಿನ ಅವಳು ಕೇಳಿದ್ದು ಒಂದೇ. "ಅಕ್ಕಾ, ಒಂದ್ ವೇಳೆ ಆ ಶನಿವಾರವೇ ಆಗಿತ್ತೇನೋ, ನಂಗೇ ಗೊತ್ತಾಗ್ಲಿಲ್ವೇನೋ. ನಂದೇ ತಪ್ಪಿರ್ಬಹುದಾ?"

ತನ್ನ ಮೈಯ ಸತ್ಯವನ್ನೇ ನಂಬದ ಹಾಗೆ ಅವಳನ್ನು ಮಾಡಿಬಿಟ್ಟಿದ್ದೆವು. ಮಾಡಿಬಿಟ್ಟಿದ್ದೆ. "ಹಳೇದೆಲ್ಲ ಎಂತಕ್ಕೆ ಈಗ," ಎಂದೆ ನಾನು. ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ಎಂದೆ.

ಮೊನ್ನೆ ಆಯಿಗೆ ಹೇಳಿದೆ, ಪೂರ್ತಿ. ವಯಸ್ಸಾಗಿದೆ, ಸಿಟ್ಟಾಗುತ್ತಾರೆ, ಆಗಲಿ ಎಂದುಕೊಂಡೇ ಹೇಳಿದೆ. ಕೇಳಿ ಮುಗಿಸಿ ಆಯಿ ಎಂದರು, "ಅವ್ಳಿಗೆ ಹೇಳಿದ್ಯಾ?"

"ಇಲ್ಲ."

"ನಾನು ಅಂದದ್ದು ಅವ್ಳಿಗೆ. ನನ್ನ ಹತ್ರ ಬಂದು ಎಂತ ಮಾಡ್ತೆ?" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಗೋವೆಗೆ ಹೋದದ್ದು ತಪ್ಪೆಂದು ಹೇಳಲು ನಾನು ಸಿದ್ಧಳಿಲ್ಲ. ಯಾರು ಕೇಳಿದರೂ ಇಲ್ಲ. ಆದರೆ ಎಲ್ಲ ಬಲ್ಲವಳು ಅವಳನ್ನು ಜಗಲಿಯ ಮೂಲೆಯಲ್ಲಿ ಬಿಟ್ಟು ಒಳಗೆ ನಡೆದೆ. ಅದಕ್ಕೆ ನನ್ನ ಬಳಿ ಕಾರಣವಿಲ್ಲ, ಅಂಜಿಕೆ ಎಂಬುದನ್ನು ಕಾರಣವೆಂದು ಕರೆಯಲು ನಾಚಿಕೆ.

ನಾಳೆ ಚಿತ್ತಾಕುಲಕ್ಕೆ ಹೋಗುತ್ತೇನೆ. ದೋಣಿಗಳು ಬರುವ ಹೊತ್ತಿಗೇ ಹೋಗುತ್ತೇನೆ, ಹೆಂಗಸರೆಲ್ಲ ದಂಡೆಯಲ್ಲಿ ನೆರೆದಿರುವಾಗ. ಮನೆಯೊಳಗೆ ಕರೆದರೂ ಹೋಗುವುದಿಲ್ಲ. ಶಾಲಿನಿ ಮುಖ ತಿರುಗಿಸಿ ನಡೆದುಹೋದರೆ ಹೋಗಲಿ, ಅವಳ ಬೆನ್ನಿಗೇ ಹೇಳುತ್ತೇನೆ, ಕೊನೆಯ ಬುಟ್ಟಿಯವಳಿಗೂ ಕೇಳುವ ಹಾಗೆ. ಅವಳನ್ನು ಕೆಡಿಸಿದ ಮಾತು ಊರ ಕಿವಿಯಲ್ಲಿ ಬಿದ್ದಿತ್ತು. ಇದೂ ಅಲ್ಲಿಯೇ ಬೀಳಬೇಕು.