ಡಬ್ಬಿಯೂ ಮೊಬೈಲೂ ಒಪ್ಪಿಕೊಂಡ ಸಂಜೆ

ರಸ್ತೆಯ ಮೇಲೆ ಮುಂದೆ ಏನಾದರೂ ಹೊಳೆದರೆ ಸಾಕು, ನನ್ನ ಬಲಗಾಲು ತಾನಾಗಿ ಬ್ರೇಕು ಒತ್ತುತ್ತದೆ. ನಾನು ಕಾರು ಓಡಿಸುವವನಲ್ಲ, ಓಡಿಸುವವರ ಪಕ್ಕದಲ್ಲಿ ಕೂರುವವನು. ಆ ಕಡೆ ಕಾಲಿನ ಕೆಳಗೆ ರಬ್ಬರಿನ ಮ್ಯಾಟು ಬಿಟ್ಟರೆ ಒತ್ತುವಂಥದ್ದು ಏನೂ ಇರುವುದಿಲ್ಲ. ಆದರೂ ಒತ್ತುತ್ತೇನೆ. ಹೊಳೆದದ್ದು ಬಹುತೇಕ ಬಿಸಿಲಿಗೆ ಮೆತ್ತಗಾದ ಡಾಂಬರೋ, ಕಬ್ಬಿನ ಟ್ರ್ಯಾಕ್ಟರಿನಿಂದ ಚೆಲ್ಲಿದ ಎಣ್ಣೆಯೋ ಆಗಿರುತ್ತದೆ. ಕಾಲಿಗೆ ಅದನ್ನು ತಿಳಿಸಿ ಹೇಳುವುದು ಕಷ್ಟ. ಅದು ಇನ್ನೂ ಆ ಸಂಜೆಯಲ್ಲೇ ಇದೆ.

ಇಂಥ ಕಾಲಿನವನ ಹತ್ತಿರ ಜನ ಸಲಹೆ ಕೇಳಲು ಬರುತ್ತಾರೆ. ನಿಪ್ಪಾಣಿಯ ಗೆಳೆಯರೊಬ್ಬರು ಹೊಸ ಕಾರು ತರುವ ಸಂಭ್ರಮದಲ್ಲಿ ಕೇಳಿದರು: "ಸರ, ಗಾಜಿಗೆ ಅಂಟಸ್ತಾರಲ್ಲ, ಆ ಜಿಪಿಎಸ್ ಡಬ್ಬಿ ತಗೊಳ್ಳಲೋ, ಮೊಬೈಲ್‌ನಾಗಿನ ನಕಾಶೆ ಸಾಕೋ? ನಿಮಗ ಎರಡರದೂ ಅನುಭವ ಐತೆಂತಲ್ಲ!" ಅನುಭವ! ಹಾವು ಕಚ್ಚಿಸಿಕೊಂಡವನನ್ನು ಹಾವುಗಳ ಪಂಡಿತ ಎಂದಂತೆ.

ಡಬ್ಬಿ ನನ್ನ ಹೆಂಡತಿಯ ತಮ್ಮ ಭರತೇಶನದು. ಮೊಬೈಲು ನನ್ನದು. ಡಬ್ಬಿಯೊಳಗಿನ ಹೆಂಗಸು ಇಂಗ್ಲಿಷ್ ಮಾತಾಡುತ್ತಿದ್ದಳು. ನಾವು ತಪ್ಪು ತಿರುವು ಹಿಡಿದರೆ, ದಡ್ಡ ಹುಡುಗನ ಉತ್ತರ ಕೇಳಿದ ಟೀಚರಿನಂತೆ ಒಂದು ಕ್ಷಣ ಸುಮ್ಮನಿದ್ದು ಮತ್ತೆ ಲೆಕ್ಕ ಹಾಕುತ್ತಿದ್ದಳು. ಮೊಬೈಲಿನವಳದು ಹಿಂದಿ. ಕನ್ನಡವೋ ಮರಾಠಿಯೋ ಎಂದು ತಲೆಮಾರುಗಳಿಂದ ಗಂಟಲು ಹರಿದುಕೊಂಡ ಗಡಿಯ ಜನ ನಾವು, ದಾರಿ ಕೇಳುವ ಹೊತ್ತಿಗೆ ಎರಡನ್ನೂ ಬಿಟ್ಟು ಇಂಗ್ಲಿಷಿಗೂ ಹಿಂದಿಗೂ ತೆಪ್ಪಗೆ ತಲೆಬಾಗಿದೆವು.

ಡಬ್ಬಿಯ ನಕ್ಷೆ ಹಳೆಯದು. ರಾಯಬಾಗದ ಕಡೆ ಹೊಸ ರಸ್ತೆಯಲ್ಲಿ ಹೋಗುವಾಗ ಅದರ ಪ್ರಕಾರ ನಾವು ಯಾರದೋ ಹೊಲದ ನಡುವೆ ಹಾರುತ್ತಿದ್ದೆವು. ಮೊಬೈಲಿನ ನಕ್ಷೆ ಹೊಸದು, ಆದರೆ ಅದಕ್ಕೆ ನೆಟ್‌ವರ್ಕು ಬೇಕು. ಕಾಗವಾಡದ ಹತ್ತಿರ ಬಂದರೆ ಸಾಕು, ಕರ್ನಾಟಕದ ನೆಲದ ಮೇಲೇ ಕೂತಿದ್ದ ನನಗೆ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತಿತ್ತು. ಗಡಿ ತಂಟೆಯನ್ನು ನನ್ನ ಜೇಬಿನಲ್ಲೇ ಅದು ಇತ್ಯರ್ಥ ಮಾಡಿಬಿಟ್ಟಿತ್ತು.

"ದಾಜಿ, ನಿಮ್ಮ ಮೊಬೈಲಿಗೆ ಫೋನ್ ತಗೋಬೇಕೋ, ದಾರಿ ತೋರಸಬೇಕೋ ಅನ್ನೂದ ತಿಳಿಯಂಗಿಲ್ಲ," ಎನ್ನುವನು ಭರತೇಶ. ಅಕ್ಕನ ಗಂಡನಾದ ನಾನು ಅವನಿಗೆ ದಾಜಿ. "ನನ್ನ ಡಬ್ಬಿಗಿ ಒಂದ ಕೆಲಸ."

"ಇರೂದ ಒಂದ ಕೆಲಸ, ಅದನ್ನೂ ನೆಟ್ಟಗ ಮಾಡಂಗಿಲ್ಲಲಾ!" ಎನ್ನುವೆನು ನಾನು.

ಹಿಂದಿನ ಸೀಟಿನಿಂದ ನಮ್ಮ ಅತ್ತೆಯವರ ತೀರ್ಪು ಬರುತ್ತಿತ್ತು: "ಆ ಹೆಂಗಸರಿಗೆ ಮನಿ ಮಾರು ಇಲ್ಲೇನು? ನಮ್ಮ ಕಾರಿನ್ಯಾಗ ಕುಂತ ಬಡಬಡಸಾಕತ್ತಾರ."

ನಮ್ಮ ಜೈನರಲ್ಲಿ ಅನೇಕಾಂತ ಎಂದೊಂದು ತತ್ತ್ವವಿದೆ. ಸತ್ಯಕ್ಕೆ ಹಲವು ಮುಖ, ಆದ್ದರಿಂದ ಯಾವ ಮಾತನ್ನೂ ಹೇಳುವ ಮೊದಲು 'ಸ್ಯಾತ್', ಅಂದರೆ 'ಒಂದು ದೃಷ್ಟಿಯಿಂದ', ಎಂದು ಸೇರಿಸಬೇಕು. ಒಂದು ದೃಷ್ಟಿಯಿಂದ ರಸ್ತೆ ಇದೆ, ಒಂದು ದೃಷ್ಟಿಯಿಂದ ಇಲ್ಲ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗಾಗಿ ಓದಿ ಮರೆತಿದ್ದೆ. ಡಬ್ಬಿ ಎಡಕ್ಕೆ, ಮೊಬೈಲು ಬಲಕ್ಕೆ ಎಂದಾಗಲೆಲ್ಲ ಅದು ನೆನಪಾಗುತ್ತಿತ್ತು. ಆಗ ಭರತೇಶ ಕಾರು ನಿಲ್ಲಿಸಿ ಗಾಜು ಇಳಿಸುತ್ತಿದ್ದ. ಎಮ್ಮೆ ಹೊಡೆದುಕೊಂಡು ಹೋಗುವವರನ್ನೋ, ಪಾನ್ ಅಂಗಡಿಯವರನ್ನೋ ಕೇಳುತ್ತಿದ್ದೆವು. ಅವರು ಮೊದಲು ನಾವು ಯಾರ ಪೈಕಿ ಎಂದು ವಿಚಾರಿಸಿ, ಮುಗಿದ ಮೇಲೆ "ಇಲ್ಲೇ ಐತ್ರಿ, ಸೀದಾ ಹೋಗ್ರಿ" ಎನ್ನುತ್ತಿದ್ದರು. ಆ 'ಇಲ್ಲೇ' ಊರು ದಾಟಿ ಊರು ಇರುತ್ತಿತ್ತು. ಆದರೆ ಇರುತ್ತಿತ್ತು.

ಆ ದಿನ ಅಥಣಿಯ ಕಡೆ ಬಳಗದವರ ಮನೆಯಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯ ಮುಗಿಸಿ ಏಕಸಂಬಿಯ ಮನೆಗೆ ಹಿಂತಿರುಗುತ್ತಿದ್ದೆವು. ಶ್ರಾವಣ. ಅತ್ತೆಯವರದು ಚಾತುರ್ಮಾಸದ ನೇಮ: ಮನೆಯಲ್ಲಿ ಸೋಸಿದ ನೀರಿನಿಂದ ಮಾಡಿದ ಅಡುಗೆಯನ್ನಷ್ಟೇ ಉಣ್ಣಬೇಕು, ಅದೂ ಹೊತ್ತು ಮುಳುಗುವುದರೊಳಗೆ. ಮುಳುಗಿದ ಮೇಲೆ ಬೆಳಗಿನವರೆಗೆ ಹನಿ ನೀರೂ ಇಲ್ಲ. ಸಕ್ಕರೆ ಕಾಯಿಲೆಯ ಮುದುಕಿ. ಕಾರ್ಯದ ಮನೆಯಲ್ಲಿ ಹೋಳಿಗೆಯ ವಾಸನೆ ನೋಡಿಕೊಂಡೇ ಕೂತಿದ್ದರು. ಬೀಳ್ಕೊಡುವವರ ಮಾತು ಬಾಗಿಲಲ್ಲಿ ಮುಗಿಯದೆ ಅಂಗಳಕ್ಕೆ ಬಂದು, ಅಂಗಳದಿಂದ ಕಾರಿನ ಕಿಟಕಿಗೆ ಬಂದು, ನಾವು ಹೊರಟಾಗ ತಡವಾಗಿತ್ತು. ಅತ್ತೆಯವರು ಗಡಿಯಾರ ಕಟ್ಟುವವರಲ್ಲ. ಕಾರಿನಲ್ಲಿ ಕೂತವರೇ ಸೂರ್ಯನ ಮೇಲೆ ಕಣ್ಣು ನೆಟ್ಟರು. "ಭರತೂ, ಹೊತ್ತ ಇಳಿಯಾಕತ್ತೈತಿ."

ಅಂಕಲಿಯ ಬಳಿಯ ದೊಡ್ಡ ಸೇತುವೆಯಿಂದ ಹೋದರೆ ಸುತ್ತು. ಭರತೇಶ ಡಬ್ಬಿಗೆ ಅತಿ ಹತ್ತಿರದ ದಾರಿ ಕೇಳಿದ. ನಾನೂ ಮೊಬೈಲಿಗೆ ಅದನ್ನೇ ಕೇಳಿದೆ. ಆಗ ನಡೆಯಬಾರದ್ದು ನಡೆಯಿತು. ಎರಡೂ ಒಂದೇ ಉತ್ತರ ಕೊಟ್ಟವು: ಮುಂದೆ ಪಡುವಣಕ್ಕೆ ತಿರುಗಿ, ಬ್ಯಾರೇಜು ದಾಟಿ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಭರತೇಶನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ದಾಜಿ, ನಿಮ್ಮದಕ್ಕೂ ಬುದ್ಧಿ ಬಂತ ನೋಡ್ರಿ!" ಎಂದ. ಏಸಿ ಹೆಚ್ಚಿಸಿದ. ಗಾಜು ಏರಿಸಿದ.

ಬ್ಯಾರೇಜು ಎಂದರೆ ಹೊಳೆಗೆ ಅಡ್ಡವಾದ ತಗ್ಗು ಕಟ್ಟೆ. ಅದರ ಮೇಲೆ ಒಂದು ಕಾರು ಹೋಗುವಷ್ಟು ದಾರಿ. ಬೇಸಿಗೆಯಲ್ಲಿ ಅದು ರಸ್ತೆ, ಮಳೆಗಾಲದಲ್ಲಿ ಹೊಳೆಯ ತಳ. ನಮ್ಮಲ್ಲಿ ಹನಿ ಬೀಳದಿದ್ದರೂ ಆಚೆ ಘಟ್ಟದಲ್ಲಿ ಮಳೆಯಾದರೆ ಕೃಷ್ಣೆ ತುಂಬುತ್ತಾಳೆ. ಗಡಿಯನ್ನು ಯಾರ ಅಪ್ಪಣೆಯೂ ಇಲ್ಲದೆ ದಾಟುವವಳು ಅವಳೊಬ್ಬಳೇ. ಇದು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ನಮಗೂ ಗೊತ್ತಿತ್ತು. ಆದರೆ ಗೊತ್ತಿರುವುದನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ನಾವು ಆಗಲೇ ಡಬ್ಬಿಗೂ ಮೊಬೈಲಿಗೂ ವಹಿಸಿಕೊಟ್ಟಿದ್ದೆವು. ಆಕಾಶ ಬೇರೆ ತೊಳೆದಿಟ್ಟಂತೆ ತಿಳಿಯಾಗಿತ್ತು.

ಹೊಳೆಯ ಕಡೆ ಇಳಿಯುವ ತಿರುವಿನಲ್ಲಿ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದ ನಾಲ್ಕಾರು ಜನ ಎದ್ದು ನಿಂತು ನಮ್ಮತ್ತ ಕೈ ಮಾಡಿದರು. ಬಾಯಿಯೂ ಆಡಿಸುತ್ತಿದ್ದರು. ಗಾಜಿನೊಳಗೆ ಕೂತ ನಮಗೆ ಕೇಳಿಸಿದ್ದು ಇಂಗ್ಲಿಷು, ಹಿಂದಿ ಮತ್ತು ಏಸಿ. ಪರಿಚಯದವರಿರಬೇಕು ಎಂದುಕೊಂಡು ಭರತೇಶನೂ ಕೈ ಮಾಡಿದ. ಮರ್ಯಾದೆಗೆ ನಾನೂ ಮಾಡಿದೆ.

ರಸ್ತೆ ಇಳಿಯಿತು. ಎರಡೂ ಬದಿಗೆ ಆಳೆತ್ತರದ ಕಬ್ಬು. ಎದುರಿಗೆ ಕೆಂಪು ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಭರತೇಶ ಕಣ್ಣು ಕಿರಿದು ಮಾಡಿ ಡಬ್ಬಿಯನ್ನು ನೋಡುತ್ತಿದ್ದ, ನಾನು ಮೊಬೈಲನ್ನು. ಕಾರಿನಲ್ಲಿ ಹೊರಗೆ ನೋಡುತ್ತಿದ್ದವರು ಒಬ್ಬರೇ.

"ಭರತೂ, ರಸ್ತೆ ಮ್ಯಾಲ ಸೂರ್ಯಾ ಕಾಣಾಕತ್ತಾನೋ!"

"ಆಂ?"

"ಮ್ಯಾಲೊಬ್ಬ ಅದಾನ, ರಸ್ತೆದಾಗೊಬ್ಬ ಅದಾನ! ನಿಂದರ್ಸಲೇ!"

ನನ್ನ ಕಾಲು ಮ್ಯಾಟು ಒತ್ತಿತು. ಭರತೇಶನ ಕಾಲು ನಿಜವಾದ ಬ್ರೇಕು ಒತ್ತಿತು. ಮುಂದಿನ ಗಾಲಿಗಳು ಆಗಲೇ ನೀರಿನಲ್ಲಿದ್ದವು. ಡಾಂಬರೆಂದು ನಾವು ತಿಳಿದದ್ದು ಹರಿಯುತ್ತಿತ್ತು, ಸದ್ದಿಲ್ಲದೆ, ಅಡ್ಡಡ್ಡವಾಗಿ. ನಮ್ಮ ಕಣ್ಣೆದುರೇ ಜಾಲಿಯ ಒಂದು ದೊಡ್ಡ ಕೊಂಬೆ ತೇಲಿ ಬಂದು, ರಸ್ತೆ ದಾಟುವ ಮನುಷ್ಯನಂತೆ ಸಾವಕಾಶ ದಾಟಿ, ಆಚೆ ಬದಿಯಲ್ಲಿ ತಟ್ಟನೆ ಒಳಗೆ ಹೋಯಿತು. ಮತ್ತೆ ಏಳಲಿಲ್ಲ. ನಾನು ಈಗಲೂ ನೋಡುವುದು ಆ ಕೊಂಬೆಯನ್ನು. ಅದರ ಜಾಗದಲ್ಲಿ ನಮ್ಮ ಬಿಳಿ ಕಾರನ್ನು ಇಟ್ಟು ನೋಡುತ್ತೇನೆ, ತೆಗೆಯುತ್ತೇನೆ, ಮತ್ತೆ ಇಡುತ್ತೇನೆ.

ಭರತೇಶ ರಿವರ್ಸ್ ಹಾಕಿದ. ಗಾಲಿ ತಿರುಗಿತು, ಕಾರು ಕದಲಲಿಲ್ಲ. ಮೂತಿ ಒಂದಿಷ್ಟು ಪಕ್ಕಕ್ಕೆ ಸರಿದಂತಾಯಿತು. ಅತ್ತೆಯವರು ಣಮೋಕಾರ ಮಂತ್ರ ಶುರು ಮಾಡಿದರು. ಆ ಹೊತ್ತಿನಲ್ಲಿ ಡಬ್ಬಿಯವಳು, ನೇರವಾಗಿ ಮುಂದೆ ಸಾಗಿರಿ ಎಂದಳು. ಗಾಲಿಗೆ ಎಲ್ಲೋ ಗಟ್ಟಿ ನೆಲ ಸಿಕ್ಕಿ ಕಾರು ಜಗ್ಗಿ ಹಿಂದೆ ಬಂತು. ಬೇವಿನ ಕಟ್ಟೆಯವರೆಗೂ ರಿವರ್ಸಿನಲ್ಲೇ ಬಂದೆವು. ದಾರಿಯುದ್ದಕ್ಕೂ ಡಬ್ಬಿ ಸಾಧ್ಯವಾದಷ್ಟು ಬೇಗ ಮತ್ತೆ ಹೊಳೆಯ ಕಡೆ ತಿರುಗಲು ಹೇಳುತ್ತಿತ್ತು, ಮೊಬೈಲು ಅದನ್ನು ಹಿಂದಿಯಲ್ಲಿ ಅನುಮೋದಿಸುತ್ತಿತ್ತು. ಒಮ್ಮೆ ರಾಜಿಯಾದವರು ಅಷ್ಟು ಸುಲಭವಾಗಿ ಬೇರೆಯಾಗುವುದಿಲ್ಲ.

ಕಟ್ಟೆಯ ಮಂದಿ ಓಡಿ ಬಂದು ಸುತ್ತುವರಿದರು. "ಇಷ್ಟ ಮಂದಿ ಎದ್ದ ಕೈ ಮಾಡಿದ್ರ, ಮಂತ್ರಿಗಳಂಗ ಕೈ ಬೀಸ್ಕೋತ ಹ್ವಾದ್ರೆಲಾ!" ಎಂದು ಒಬ್ಬಾತ ಬೈದ. ಬೈಯುತ್ತಲೇ ಬಾಗಿಲು ತೆರೆದು ಅತ್ತೆಯವರನ್ನು ಇಳಿಸಿ ಕಟ್ಟೆಗೆ ಕೂರಿಸಿ ತಂಬಿಗೆ ಮುಂದೆ ಹಿಡಿದ. "ನೀರ ಕುಡಿ ಆಯಿ."

ಅತ್ತೆಯವರು ಪಡುವಣಕ್ಕೆ ನೋಡಿದರು. ಅಲ್ಲಿ ಕೆಂಪು ಮಾತ್ರ ಉಳಿದಿತ್ತು. ತಂಬಿಗೆಯನ್ನು ಮೆಲ್ಲಗೆ ದೂರ ಸರಿಸಿದರು.

"ಅವ್ವಾ, ಇವತ್ತೊಂದಿನ," ಎಂದ ಭರತೇಶ.

"ಅವೆರಡು ಹೇಳಿದ್ವಂತ ನೀ ಹೊಳಿಗಿ ಹೊಂಟಿ. ನೀ ಹೇಳಿದಿ ಅಂತ ನಾ ನೇಮ ಬಿಡ್ಲೇನು?"

ದೊಡ್ಡ ಸೇತುವೆ ಸುತ್ತಿ ಮನೆ ಸೇರಿದೆವು. ಎರಡೂ ಯಂತ್ರಗಳ ಬಾಯಿ ಮುಚ್ಚಿಸಿ, ಗಾಜು ಇಳಿಸಿಕೊಂಡು. ಆ ರಾತ್ರಿ ಅತ್ತೆಯವರು ಉಣ್ಣಲಿಲ್ಲ, ಮನೆಯವರು ಬೇರೆ ಯಾರೂ ಉಣ್ಣಲಿಲ್ಲ. ಬೆಳಗ್ಗೆ ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಅವರು ಮೊದಲ ಗುಟುಕು ನೀರು ಕುಡಿದು, ಗಂಜಿಯ ಬಟ್ಟಲಿಗೆ ಕೈ ಹಾಕಿದ್ದನ್ನು ನಾನು ಎದುರಿಗೇ ಕೂತು ನೋಡಿದೆ. ಅಷ್ಟರಲ್ಲಿ ಮೊಬೈಲು ಕಿಣಿಕಿಣಿ ಎಂದಿತು: ನಿಮ್ಮ ನಿನ್ನೆಯ ದಾರಿ ಹೇಗಿತ್ತು? ಎಷ್ಟು ಚುಕ್ಕಿ ಕೊಡುತ್ತೀರಿ?

"ಏನಂತದು?" ಕೇಳಿದರು ಅತ್ತೆ. ಹೇಳಿದೆ.

"ಅಳಿಯಂದ್ರ, ಒಮ್ಮೆ ಬಂದ ಕಣ್ಣಿಂದ ನೋಡಿ ಹೋಗು ಅನ್ರಿ ಅದಕ್ಕ."

ನಿಪ್ಪಾಣಿಯ ಗೆಳೆಯರಿಗೆ ಇದನ್ನೆಲ್ಲ ಹೇಳಿ, ಡಬ್ಬಿಯಾದರೂ ಆದೀತು, ಮೊಬೈಲಾದರೂ ಆದೀತು, ಕಾರಿನ ಗಾಜು ಸರಾಗ ಇಳಿಯುತ್ತದೋ ಇಲ್ಲವೋ ಮೊದಲು ನೋಡಿಕೊಳ್ಳಿ ಎಂದೆ. ಅವರು ನಕ್ಕರು, ಎರಡನ್ನೂ ಕೊಂಡರು. ಭರತೇಶನ ಕಾರಿನಲ್ಲೂ ಎರಡೂ ಇವೆ. ಅವನ ಕಾರಿನಲ್ಲಿ ಮಾತ್ರ ಈಗ ಮುಂದಿನ ಸೀಟು ಅತ್ತೆಯವರದು, ನಾನು ಹಿಂದೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಎಂದು ಅವು ಕಚ್ಚಾಡುತ್ತಿರುವಷ್ಟು ಹೊತ್ತು ಹಾಯಾಗಿ ನಿದ್ದೆ ಮಾಡುತ್ತೇನೆ. ಎರಡೂ ಒಂದೇ ದಾರಿ ಹೇಳಿದವೆಂದರೆ ಎಚ್ಚರವಾಗಿಬಿಡುತ್ತದೆ. ಭರತೇಶ ಕಾರು ಬದಿಗೆ ಹಾಕುತ್ತಾನೆ, ಅತ್ತೆಯವರು ಗಾಜು ಇಳಿಸುತ್ತಾರೆ, ಹೊರಗಿನಿಂದ ಮೊದಲು ಕಬ್ಬಿನ ವಾಸನೆ, ಆಮೇಲೆ ಒಂದು ದನಿ ಒಳಗೆ ಬರುತ್ತದೆ: "ಯಾರ ಪೈಕಿರಿ ನೀವು?"