ಎದುರಾಳಿಯ ಕಾಲಿಗೆ ಬಿದ್ದ ದಿನ

ಸಕಲ ಲೋಕಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ನನ್ನ ಕೈತಪ್ಪಿ ಹೂವಿನ ಕುಂಡಕ್ಕೆ ಮಜ್ಜಿಗೆ ಚೆಲ್ಲಿದೆ. ಮಜ್ಜಿಗೆ ಸುರಿದು ಹದ ಮಾಡುತ್ತಿದ್ದ ವಿಜಾಪುರದ ನಮ್ಮ ಗರಡಿಯ ಮಣ್ಣಿಗೂ ಇದೇ ವಾಸನೆ.

ವರ್ಷಗಳ ಹಿಂದೆ ಒಂದು ದಿನ ಅಲ್ಲಿ ಕುಸ್ತಿಗೆ ನನ್ನ ಎದುರು ಜೋಡಿ ತಿಕೋಟಾದ ಮಲ್ಲಪ್ಪ. ಹಿಂದಿನ ವಾರವಷ್ಟೇ ಒಬ್ಬನ ಕೈ ಮುರಿದವನು. ಕುಸ್ತಿಗೆ ಮುನ್ನ ಗುರುಗಳಾದ ವಸ್ತಾದರ ಕಾಲಿಗೆ ಬೀಳುವುದು ಪದ್ಧತಿ, ಬಿದ್ದೆ. ಹೆದರಿಕೆಯಲ್ಲಿ ಮಲ್ಲಪ್ಪನ ಕಾಲಿಗೂ ಬಿದ್ದೆ. ದಂಡ ಹೊಡೆಯುತ್ತಿದ್ದವರೆಲ್ಲ ನಿಂತುಬಿಟ್ಟರು.

"ಕಾಲಿಗೆ ಬಿದ್ದವನ್ನ ಹೆಂಗ ಎತ್ತಿ ಒಗೀಲಿರಿ?" ಎಂದ ಮಲ್ಲಪ್ಪ.

"ನನ್ನ ಕಾಲಿಗೆ ದಿನಾ ಬೀಳ್ತಾನ. ನಾ ಒಗಿಯೂದು ಬಿಟ್ಟೇನೇನಲೇ? ಹಿಡಿ ಅವನ್ನ!" ವಸ್ತಾದರು ಗುಡುಗಿದರು.

ಮಲ್ಲಪ್ಪ ನನ್ನನ್ನು ಎತ್ತಿದ. ನಾನು ಕಣ್ಣು ಮುಚ್ಚಿ ಕೈಯ ಆಸೆ ಬಿಟ್ಟೆ. ಅವನೋ ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಮೆಲ್ಲಗೆ ಮಣ್ಣಿನ ಮೇಲೆ ಮಲಗಿಸಿ, "ಆಶೀರ್ವಾದ ಆತು, ಏಳಪಾ" ಎಂದ.

ಕೈ ಇನ್ನೂ ನೆಟ್ಟಗಿದೆ. ತಿಕೋಟಾ ಕಡೆಯವರಿಗೆ ಮಲ್ಲಪ್ಪನ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ಸಲ ಹೆದರದೆ ಅವನ ಕಾಲಿಗೆ ಬೀಳಬೇಕಾಗಿದೆ.